ಅಲುಗಾಡದೆ ಕೆಲಸ ಮಾಡುವವರಿಂದ ದೀಪಗಳಿಗೆ ಆಗುತ್ತಿರುವ ತೊಂದರೆಯ ಕುರಿತು

ಸಂಖ್ಯೆ: ಇಲಾಖೆ/ದೀಪ/ಕತ್ತಲೆ/7(ಅ)

ವಿಷಯ: ಇಂಧನ ಮಿತವ್ಯಯ ಕಟ್ಟಡದಲ್ಲಿ ದೀಪ ನಿಯಂತ್ರಣ ವ್ಯವಸ್ಥೆಯ ಆಯ್ಕೆ ಹಾಗೂ ತತ್ಸಂಬಂಧ ಸಿಬ್ಬಂದಿಯ ಅಲುಗಾಟ.

ಉಲ್ಲೇಖ: 1. ದೀಪ ಆಯ್ಕೆ ಸಮಿತಿಯ ನಡಾವಳಿ. 2. ಕರಡು ತಿದ್ದುವವರ ಮನವಿ (ಕತ್ತಲಲ್ಲಿ ಬರೆದದ್ದರಿಂದ ಸಾಲುಗಳು ಒಂದರ ಮೇಲೊಂದು ಹತ್ತಿವೆ).

ಪ್ರಸ್ತಾವನೆ:

ಹೊಸ ಕಟ್ಟಡಕ್ಕಾಗಿ ಸಮಿತಿಯು ಮೂರು ವ್ಯವಸ್ಥೆಗಳನ್ನು ಪರಿಶೀಲಿಸಿತು. ಗೋಡೆಯ ಸ್ವಿಚ್ಚನ್ನು, ಅದನ್ನು ಯಾರು ಒತ್ತಬೇಕೆಂಬ ಬಗ್ಗೆ ಸ್ಪಷ್ಟ ಆದೇಶವಿಲ್ಲದ ಕಾರಣ ತಿರಸ್ಕರಿಸಲಾಯಿತು. ಹಗಲ ಬೆಳಕಿಗೆ ತಕ್ಕಂತೆ ದೀಪ ತಗ್ಗಿಸುವ ವ್ಯವಸ್ಥೆಯನ್ನು ಒಪ್ಪಿದ್ದರೆ ಕಿಟಕಿಗಳಿಗೆ ಅಡ್ಡವಾಗಿ ನಿಲ್ಲಿಸಿರುವ ಬೀರುಗಳನ್ನು ಸರಿಸಬೇಕಾಗುತ್ತಿತ್ತು. ಆ ಬೀರುಗಳು ಯಾವ ಶಾಖೆಯವೆಂಬುದು ಇನ್ನೂ ತೀರ್ಮಾನವಾಗಿಲ್ಲ. ಉಳಿದದ್ದು, ಚಲನೆ ಕಂಡರೆ ಉರಿದು ಕಾಣದಿದ್ದರೆ ಆರುವ ವ್ಯವಸ್ಥೆ. ಪ್ರಾತ್ಯಕ್ಷಿಕೆಯ ದಿನ ಸದಸ್ಯರು ಬಿಸ್ಕತ್ತಿನ ತಟ್ಟೆಯತ್ತ ಪದೇ ಪದೇ ಕೈ ಚಾಚುತ್ತಿದ್ದುದರಿಂದ ದೀಪ ಒಮ್ಮೆಯೂ ಆರಲಿಲ್ಲ. ತೃಪ್ತಿಕರವೆಂದು ಒಮ್ಮತದಿಂದ ಷರಾ ಬರೆಯಲಾಯಿತು.

ಅಳವಡಿಕೆಯ ನಂತರ, ಕೆಲವರು ಕುರ್ಚಿಯಲ್ಲಿ ಕುಳಿತು ತಲೆ ಎತ್ತದೆ ಕೆಲಸ ಮಾಡುತ್ತಿರುವುದು ಗಮನಕ್ಕೆ ಬಂದಿದೆ. ಇದರಿಂದ ದೀಪಗಳು ತಬ್ಬಿಬ್ಬಾಗುತ್ತಿವೆ. ಆದುದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಕುಳಿತು ಕೆಲಸ ಮಾಡುವವರು ಆಗಾಗ ಕೈ ಬೀಸತಕ್ಕದ್ದು. ಬೀಸುವಿಕೆ ಭುಜದ ಮಟ್ಟ ಮೀರಿರಬೇಕು. ತಮ್ಮನ್ನೇ ಕರೆದರೆಂದು ಭಾವಿಸಿ ಸಾರ್ವಜನಿಕರು ಒಳಬಂದಲ್ಲಿ, ಅವರಿಂದಲೂ ಬೀಸಿಸಬಹುದು.

2. ಒಬ್ಬರ ಪರವಾಗಿ ಇನ್ನೊಬ್ಬರು ಕೈ ಬೀಸಲು ಪೂರ್ವಾನುಮತಿ ಅಗತ್ಯ. ಶೌಚಾಲಯದಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಅವರು ತಮ್ಮ ಪಾಡಿಗೆ ತಾವೇ ಅಲುಗಾಡತಕ್ಕದ್ದು.

3. ಕಾರಿಡಾರಿನಲ್ಲಿ ಹರಟುತ್ತಾ ಅಡ್ಡಾಡುವ ಸಿಬ್ಬಂದಿಯಿಂದ ಅಲ್ಲಿನ ದೀಪಗಳು ಸದಾ ಬೆಳಗುತ್ತಿದ್ದು, ಅವರನ್ನು ಕ್ರಿಯಾಶೀಲರೆಂದು ಪರಿಗಣಿಸಿ ಪ್ರಶಂಸಾಪತ್ರ ನೀಡಲಾಗುವುದು.

4. ಇನ್ನು ಮುಂದೆ ದೀಪದ ವರದಿಯೇ ಹಾಜರಾತಿ. ಅದರಂತೆ, ನಿರ್ದೇಶಕರು ಪ್ರವಾಸದಲ್ಲಿದ್ದ ಅವಧಿಯುದ್ದಕ್ಕೂ ತಮ್ಮ ಕೊಠಡಿಯಲ್ಲೇ ಬಿಡುವಿಲ್ಲದೆ ದುಡಿದಿರುತ್ತಾರೆ. ಫ್ಯಾನಿನ ಗಾಳಿಗೆ ಪರದೆ ಹಾರಾಡುತ್ತಿತ್ತು ಎಂಬ ಮಾತಿಗೆ ಯಾರೂ ಕಿವಿಗೊಡಬಾರದು.

5. ಕರಡು ತಿದ್ದುವವರ ವಿಷಯ. ಸದರಿಯವರನ್ನು ಇಡೀ ಕಚೇರಿ ಅಕ್ಕ ಎನ್ನುತ್ತದೆ. ಒಂದು ಸಾಲಿನ ಮೇಲೆ ಬೆರಳಿಟ್ಟರೆ, ಅದು ಸರಿಯೆಂದು ಖಾತ್ರಿಯಾಗುವ ತನಕ ಅವರು ಮಿಸುಕುವುದಿಲ್ಲ. ಹೀಗಾಗಿ ಅವರ ಕೊಠಡಿ ಕತ್ತಲಲ್ಲೇ ಇರುತ್ತದೆ. ಬಾಗಿಲ ಸಂದಿಯಿಂದ ನುಸುಳುವ ಕಾರಿಡಾರಿನ ಬೆಳಕಿನಲ್ಲಿ ಅವರು ಓದುತ್ತಾರೆ. ಇದು ಮಂಜೂರಾಗದ ಬೆಳಕು. ಕೈ ಬೀಸಲು ಮೌಖಿಕವಾಗಿ ತಿಳಿಸಿದಾಗ, "ಕೈ ಎತ್ತಿದ್ರೆ ಸಾಲು ತಪ್ಪತ್ತೆ ಸಾರ್. ನಾನು ಅಕ್ಷರ ನೋಡ್ಲಾ, ನಿಮ್ಮ ದೀಪ ನೋಡ್ಲಾ?" ಎಂದಿರುತ್ತಾರೆ. ಪ್ರಶ್ನೆಯು ಕಡತದಲ್ಲಿದೆ.

6. ದೀಪದ ವರದಿಯ ಪ್ರಕಾರ ಸದರಿ ಕೊಠಡಿಯಲ್ಲಿ ಯಾರೂ ಇರುವುದಿಲ್ಲ. ಯಾರೂ ಇಲ್ಲದ ಹುದ್ದೆಯನ್ನು ಮುಂದುವರಿಸುವುದು ಮಿತವ್ಯಯಕ್ಕೆ ವಿರುದ್ಧವಾದ್ದರಿಂದ, ಹುದ್ದೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ. ಕುರ್ಚಿಯನ್ನು ಕಾರಿಡಾರಿಗೆ ವರ್ಗಾಯಿಸತಕ್ಕದ್ದು.

7. ಈ ಸುತ್ತೋಲೆಯ ಕರಡನ್ನು ವಾಡಿಕೆಯಂತೆ ಅದೇ ಕೊಠಡಿಗೆ ಕಳುಹಿಸಿ ತಿದ್ದಿಸಿಕೊಳ್ಳಲಾಗಿದೆ. ಹಲವು ತಪ್ಪುಗಳು ಸರಿಹೋಗಿವೆ. ಆರನೆಯ ಅಂಶದ 'ಯಾರೂ ಇರುವುದಿಲ್ಲ' ಎಂಬುದರ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ "ನಾನಿದ್ದೀನಲ್ಲ" ಎಂದು ಬರೆಯಲಾಗಿದೆ. ಬರೆದವರು ಯಾರೆಂದು ದೀಪದ ವರದಿಯಿಂದ ತಿಳಿದುಬರದ ಕಾರಣ, ಸದರಿ ತಿದ್ದುಪಡಿಯನ್ನು ಕೈಬಿಡಲಾಗಿದೆ.

ಸಹಿ/-
ದೀಪ ನಿಯಂತ್ರಣಾಧಿಕಾರಿ (ಪ್ರಭಾರ)

ಪ್ರತಿಗಳು:
ನಿರ್ದೇಶಕರ ಕೊಠಡಿಯ ಪರದೆಗೆ, ದಯಾಪರ ಮಾಹಿತಿಗಾಗಿ.
ಕ್ರಿಯಾಶೀಲ ಸಿಬ್ಬಂದಿಗೆ, ಅಡ್ಡಾಡುತ್ತಲೇ ಓದಿಕೊಳ್ಳಲು.
ಬೀರುಗಳ ವಾರಸುದಾರರಿಗೆ, ಪತ್ತೆಯಾದ ನಂತರ.
ಕರಡು ತಿದ್ದುವವರ ಖಾಲಿ ಕೊಠಡಿಗೆ, ನಾಳಿನ ಕರಡುಗಳೊಂದಿಗೆ. ಎಂದಿನಂತೆ ತಿದ್ದಿ ಕಳುಹಿಸುವುದು.