ತಲಪಾಡಿ ಕಂದುಕಾಹರಣ

ಒಂದಾನೊಂದು ಕಾಲದಲ್ಲಿ (ಹೂಂ ಅನ್ನಬೇಕು; ಕೇಳುವವರು ಹೂಂ ಅನ್ನದಿದ್ದರೆ ಕಥೆ ಅಲ್ಲಿಗೇ ಮುನಿಸಿಕೊಂಡು ಕೂರುತ್ತದೆ), ಏಳು ಕಡಲುಗಳ ಆಚೆಗಲ್ಲ, ತಲಪಾಡಿಯ ಟೋಲ್‌ಗೇಟಿನಿಂದ ಒಂದು ಕೂಗಳತೆ ಈಚೆಗೆ, ಕರ್ನಾಟಕವೆಂಬ ಮಹಾಮಂಡಲವು ಮುಗಿದು ಕೇರಳವೆಂಬ ಮಹಾಮಂಡಲವು ತೊಡಗುವ ಪುಣ್ಯಸಂಧಿಯಲ್ಲಿ, ಅಂಚಿನಲ್ಲಷ್ಟೇ ಹುಲ್ಲಿರುವ ಒಂದು ಮೈದಾನವಿತ್ತು. ಚರ್ಮಗೋಲದ ಗರ್ಭದಲ್ಲಿ ಅವಿತು ಇಪ್ಪತ್ತೆರಡು ಮಂದಿ ಗಂಡಸರನ್ನು ಒಂದೂವರೆ ಗಂಟೆ ಕುಣಿಸಬಲ್ಲ ಓ ವಾಯುದೇವನೇ, ಮೊದಲ ನಮಸ್ಕಾರ ನಿನಗೆ. ಆ ದಿನ ನೀನು ಎಲ್ಲಿದ್ದೆ ಎಂಬುದೇ ಈ ಕಥೆ.

ಆ ಯುಗದಲ್ಲಿ ಬಡಗಣ ಲೀಗಿನ ಚಾಂಪಿಯನ್ನರಾದ ಕಡಲಬ್ಬರ ಫ್ರೆಂಡ್ಸ್ ಸೇನೆಗೆ ಅಧಿಪತಿಯಾಗಿ ಮೆರೆದವನು ಹಿಮಶಿಲಾಖಂಡನಪ್ರಚಂಡ, ಉಭಯಜಾನುಪಟ್ಟಿಕಾಲಂಕೃತ, ಭುಜಂಗ ಮೆಂಡನ್. ಅಂದರೆ ಐಸ್ ಪ್ಲಾಂಟಿನಲ್ಲಿ ಐಸ್ ಒಡೆಯುವವನು, ಎರಡೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡವನು, ಮೂವತ್ತೊಂಬತ್ತು ತುಂಬಿದರೂ ಹತ್ತನೇ ನಂಬರಿನ ಅಂಗಿಯನ್ನು ಬಿಟ್ಟುಕೊಡದವನು. ಅವನೆದುರು ನಿಂತವನು ತೆಂಕಣ ಲೀಗಿನ ಚಾಂಪಿಯನ್ನರಾದ ಹೊಳೆಬದಿ ಬ್ರದರ್ಸಿನ ದಂಡನಾಯಕ, ತೈಲಸಿಕ್ತಕೇಶಪಾಶ, ಮಂದಹಾಸಮಾತ್ರಾಯುಧ ಸವಾದ್; ಮನೆಮನೆಗೆ ಟೈಲ್ಸ್ ಹಾಸುವ ಕೆಲಸದವನು.

ಇಬ್ಬರ ನಡುವೆ ಮೇಜಿನ ಮೇಲೆ, ಸೊಂಟದೆತ್ತರಕ್ಕೆ, ಚಿನ್ನದ ಬಣ್ಣ ಅಲ್ಲಲ್ಲಿ ಎದ್ದುಹೋದ ಗಡಿ ಕಪ್ ನಿಂತಿತ್ತು. ಮೂರು ವರ್ಷ ಎಡೆಬಿಡದೆ ಗೆದ್ದವರಿಗೆ ಅದು ಶಾಶ್ವತ ಎಂದು ನಿಯಮ. ತೆಂಕಣದವರು ಎರಡು ವರ್ಷ ಗೆದ್ದಾಗಿತ್ತು. ಫೈನಲ್ ದಿನ ಸಂಜೆ ಆರರೊಳಗೆ ಪಂದ್ಯ ಶುರುವಾಗದಿದ್ದರೆ ಕಪ್ ಹಿಂದಿನ ವಿಜೇತರಿಗೇ, ಆ ವರ್ಷವೂ ಅವರ ಲೆಕ್ಕಕ್ಕೇ, ಎಂದು ಇನ್ನೊಂದು ನಿಯಮ. ಭುಜಂಗನಿಗೋ ಆ ಕಪ್ಪನ್ನು ಒಮ್ಮೆಯಾದರೂ ಎರಡು ಕೈಯಲ್ಲಿ ಎತ್ತಬೇಕಿತ್ತು. ಮುಂದಿನ ವರ್ಷಕ್ಕೆ ಮೊಣಕಾಲುಗಳು ಒಪ್ಪುವ ಲಕ್ಷಣವಿರಲಿಲ್ಲ.

ಮೂರೂವರೆಗೆ ಸರಿಯಾಗಿ ಧ್ವನಿವರ್ಧಕ ಗರ್ಜಿಸಿತು, ಬ್ಯಾನರು ಹಾರಿತು, ಎಂಟು ಮಂದಿ ಗಣ್ಯರು ಎಂಟು ಭಾಷಣಗಳನ್ನು ಮಾಡಿ ಎಂಟು ಶಾಲುಗಳೊಡನೆ ನಿರ್ಗಮಿಸಿದರು. ರೆಫ್ರಿ ಕೈಚಾಚಿ, "ಚೆಂಡು ಕೊಡಿ," ಎಂದರು.

"ಕೊಡು ಸವಾದ್," ಎಂದ ಭುಜಂಗ.

"ನಾವಾ? ನೀವು ಕೊಡಿ ಭುಜಂಗಣ್ಣ."

"ತಮಾಷೆ ಮಾಡ್ಬೇಡ ಮಾರಾಯ. ಬಂದ ಟೀಮು ಚೆಂಡು ತರುವುದು. ನಮ್ಮ ಲೀಗಿನಲ್ಲಿ ಮೊದಲಿಂದಲೂ ಹಾಗೇ."

"ನೆಂಟರನ್ನು ಊಟಕ್ಕೆ ಕರೆದು ಅಕ್ಕಿ ನೀವೇ ತನ್ನಿ ಅಂತ ಹೇಳುವುದುಂಟಾ? ನಮ್ಮ ಲೀಗಿನಲ್ಲಿ ಕರೆದವರು ತರುವುದು."

ಹಿಂದಿನ ಎರಡು ಫೈನಲ್‌ಗಳು ತೆಂಕಣದ ಮೈದಾನದಲ್ಲಿ ನಡೆದಿದ್ದವು. ಆಗ ಕರೆದವರೆಂದು ಅವರೂ ತಂದಿದ್ದರು, ಬಂದವರೆಂದು ಇವರೂ ತಂದಿದ್ದರು. ಯಾವ ಚೆಂಡಿನಲ್ಲಿ ಆಡುವುದೆಂದು ಅರ್ಧ ಗಂಟೆ ಜಗಳವಾಗಿತ್ತು. ಈ ವರ್ಷ ಮೊದಲ ಸಲ ಫೈನಲ್ ಗಡಿ ದಾಟಿ ಬಡಗಣಕ್ಕೆ ಬಂದಿತ್ತು. ಎರಡೂ ಕಡೆಯವರು ತಮ್ಮ ತಮ್ಮ ಸಂಪ್ರದಾಯವನ್ನು ಕೂದಲೆಳೆಯಷ್ಟೂ ತಪ್ಪದೆ ಪಾಲಿಸಿದ್ದರಿಂದ ಚೆಂಡೊಂದು ಬಿಟ್ಟು ಉಳಿದೆಲ್ಲವೂ ಬಂದಿತ್ತು.

ಆಗ ಆರಂಭವಾಯಿತು ನೋಡಿ ಮಹಾಸಮರ! ಭುಜಂಗನಿಗೆ ಮಳೆಗಾಲದಲ್ಲಿ, ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಲೆಯಲ್ಲಿ, ಪಾತ್ರವಾಗಿ ಅರ್ಥ ಹೇಳುವ ಅಭ್ಯಾಸವಿತ್ತು. ಮೈಕು ಕೈಗೆ ಸಿಕ್ಕಿದ್ದೇ ತಡ ಪಾತ್ರ ಮೈಮೇಲೆ ಬಂದಿತು.

"ಎಲವೋ ತೆಂಕಣಾಧೀಶ್ವರಾ! ಅತಿಥಿಯೆಂದು ಬಂದು ಬರಿಗೈಯನ್ನು ತೋರುವ ನಿನ್ನ ಧಾರ್ಷ್ಟ್ಯವನ್ನು ಏನೆಂದು ವರ್ಣಿಸಲಿ? ಕರೆದವನ ಚೆಂಡಿನ ಮರ್ಮ ಕರೆದವನಿಗೆ ಮಾತ್ರ ತಿಳಿದಿರುತ್ತದೆ. ಅದರಲ್ಲಿ ಆಡುವುದು ಅಧರ್ಮವೆಂದಲ್ಲವೇ ನಮ್ಮ ಹಿರಿಯರು ಈ ಪದ್ಧತಿಯನ್ನು ವಿಧಿಸಿದ್ದು?"

ಸವಾದ್ ಮೈಕು ಕೇಳಲಿಲ್ಲ. ಮೈದಾನದ ಅಂಚಿನಲ್ಲಿ ಕಾಲು ನೀಡಿ ಕೂತು ನೆಲಗಡಲೆ ಸುಲಿಯುತ್ತ, "ಮಾತಾಡಿ ಭುಜಂಗಣ್ಣ, ಮಾತಾಡಿ," ಎಂದ. "ಆರು ಗಂಟೆವರೆಗೆ ನನಗೇನೂ ಅರ್ಜೆಂಟಿಲ್ಲ."

ಹೀಗೆ ವಾಗ್ಬಾಣಗಳು ಸಾಗಿ ಐದೂಕಾಲಾಯಿತು. ಆಗ ವೀರನು ವಾಚು ನೋಡಿಕೊಂಡು ತಣ್ಣಗಾದನು. ಕ್ಲಬ್ಬಿನ ಕೋಣೆಗೆ ಹೋಗಿ ಬರಲು ಒಂದೂವರೆ ಗಂಟೆ. ಆದಿತ್ಯವಾರ, ಅಂಗಡಿಗಳಿಗೆಲ್ಲ ಬಾಗಿಲು. ಆದರೂ ಎದೆ ತಟ್ಟಿ ಘೋಷಿಸಿದನು: "ಸೂರ್ಯನು ಕಡಲನ್ನು ಸ್ಪರ್ಶಿಸುವುದಕ್ಕೆ ಮುನ್ನ ಈ ಮೈದಾನದ ನಡುಚುಕ್ಕಿಯಲ್ಲಿ ಚೆಂಡನ್ನು ತಂದಿರಿಸುವೆನು! ತಪ್ಪಿದಲ್ಲಿ ಈ ದಶಮಾಂಕಿತ ಕವಚವನ್ನು ಕಳಚಿ ಗೋಲುಕಂಬಕ್ಕೆ ನೇತುಹಾಕುವೆನು!"

ಬಡಗಣದವರು ಶಿಳ್ಳೆ ಹೊಡೆದರು. ತೆಂಕಣದವರು ಇನ್ನೂ ಜೋರಾಗಿ ಹೊಡೆದರು. ಅಂಗಿ ನೇತಾಡುವುದನ್ನು ನೋಡುವ ಆಸೆ ಅವರಿಗಿತ್ತು.

ಪ್ರತಿಜ್ಞೆ ಮಾಡಿದ ಮೇಲೆ ಆ ಮಹಾತ್ಮನಿಗೆ ಚೆಂಡು ಎಲ್ಲಿದೆ ಎಂಬ ಯೋಚನೆ ಹುಟ್ಟಿತು. ನಡೆದು ತಲುಪಬಹುದಾದ ದೂರದಲ್ಲಿ, ಅವನ ಅರಿವಿನ ಮಟ್ಟಿಗೆ, ಇದ್ದದ್ದು ಒಂದೇ ಚೆಂಡು. ಗೋಲಿನ ಹಿಂದೆ, ಕೆಂಪು ಹಂಚಿನ ಮನೆಯಲ್ಲಿ, ಕಿಟಕಿಯಿಂದಲೇ ಸೋಡಾ, ಚಕ್ಕುಲಿ ಮಾರುವ ವಿಧವೆ ಮೊನಿಕಾ ಬಾಯಮ್ಮನ ವಶದಲ್ಲಿ ಅದಿತ್ತು. ಎಂಟು ವರ್ಷದ ಹಿಂದೆ, ಈ ಟೂರ್ನಮೆಂಟು ಇನ್ನೂ ಹುಟ್ಟದಿದ್ದಾಗ, ಎರಡೂ ಕಡೆಯವರು ಬೆರೆತು ಆಡಿದ ಒಂದು ಬೆಳಿಗ್ಗೆ ಯಾರೋ ಒದ್ದ ಚೆಂಡು ಆ ಮಾಡಿಗೆ ಬಿದ್ದು ಏಳು ಹಂಚು ಒಡೆದಿತ್ತು. ಒದ್ದವರು ಯಾರೆಂದು ಕೇಳಿದಾಗ ಭುಜಂಗ, "ತೆಂಕಣದವರು," ಎಂದಿದ್ದ. ಅಂದಿನಿಂದ ಆ ಕಿಟಕಿಯಲ್ಲಿ ತೆಂಕಣದವರಿಗೆ ಸೋಡಾ ಇಲ್ಲ.

ಈಗ ಅದೇ ಕಿಟಕಿಯ ಎದುರು ವೀರನು ಬಂದು ನಿಂತ.

"ಬಾಯಮ್ಮ, ಆ ಹಳೇ ಚೆಂಡು ಉಂಟಾ?"

"ಉಂಟು. ಎಂತಕ್ಕೆ?"

"ಒಮ್ಮೆ ಕೊಡಿ ಬಾಯಮ್ಮ. ಮರ್ಯಾದೆ ಪ್ರಶ್ನೆ."

"ಯಾರದ್ದು ಮರ್ಯಾದೆ? ಹಂಚು ಒಡೆದವ ಬಂದು ತಪ್ಪಾಯ್ತು ಅಂತ ಹೇಳಿದರೆ ಕೊಡುವುದು ಅಂತ ಇಟ್ಟದ್ದು ನಾನು. ಕರಿ ಅವನನ್ನು."

ಭುಜಂಗ ಮೈದಾನದತ್ತ ನೋಡಿದ. ಮೇಜಿನ ಮೇಲೆ ಕಪ್ ಸಂಜೆ ಬಿಸಿಲಿಗೆ ಮಿನುಗುತ್ತಿತ್ತು. ಕಿವಿಯ ಬುಡ ಕೆರೆದುಕೊಂಡು, ಐಸ್ ಪ್ಲಾಂಟಿನಲ್ಲಿ ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ, "ನಾನೇ," ಎಂದ.

"ಕೇಳಲಿಲ್ಲ."

"ನಾನೇ ಒದ್ದದ್ದು ಬಾಯಮ್ಮ."

"ಹೌದಾ? ಸುಳ್ಳು ಹೇಳಿದ್ದು ಇಡೀ ಊರಿಗೆ, ನಿಜ ಹೇಳುವುದು ನನ್ನ ಕಿಟಕಿಗೆ ಮಾತ್ರವಾ? ಮೈಕು ಉಂಟಲ್ಲ ನಿಂದು. ಎರಡು ಗಂಟೆ ಹೊತ್ತಿನಿಂದ ನನ್ನ ತಲೆ ತಿನ್ನುತ್ತಾ ಉಂಟು. ಅದರಲ್ಲಿ ಹೇಳು."

ಓ ಕೇಳುಗರೇ, ಶರಗಳಿಗೆ ಎದೆಯೊಡ್ಡಿದವರ ಕಥೆಗಳನ್ನು ಬೇಕಾದಷ್ಟು ಕೇಳಿದ್ದೀರಿ. ಮೈಕಿಗೆ ಬಾಯೊಡ್ಡಿದವನ ಕಷ್ಟ ಕೇಳಿ. ಆ ಎಂಬತ್ತು ಹೆಜ್ಜೆಗಳನ್ನು ಅವನು ಶತ್ರುವ್ಯೂಹವನ್ನು ಭೇದಿಸುವವನಂತೆ ನಡೆದ. ಮೈಕು ಹಿಡಿದ. ಈ ಸಲ ಅರ್ಥಗಾರಿಕೆ ಜೊತೆಗೆ ಬರಲಿಲ್ಲ.

"ಹಲೋ. ಅದು… ಬಾಯಮ್ಮನ ಮನೆಯ ಹಂಚು ಒಡೆದದ್ದು ನಾನು. ತೆಂಕಣದವರಲ್ಲ. ತಪ್ಪಾಯ್ತು."

ಸವಾದ್ ಕಡಲೆಯ ಸಿಪ್ಪೆ ಕೊಡವಿ ಎದ್ದು ನಿಂತ.

"ಎಂಟು ವರ್ಷ, ಭುಜಂಗಣ್ಣ! ಎಂಟು ವರ್ಷ ನಮಗೆ ಸೋಡಾ ಇಲ್ಲ!"

ಬಾಯಮ್ಮ ಬಂದಳು. ಒಂದು ಕೈಯಲ್ಲಿ ಸೋಡಾ, ಇನ್ನೊಂದರಲ್ಲಿ ಚೆಂಡು. ಸೋಡಾ ಸವಾದನಿಗೆ ಕೊಟ್ಟಳು, ಚೆಂಡು ಭುಜಂಗನಿಗೆ. ದಿಗ್ವಿಜಯಿಯು ಅದನ್ನು ಎರಡು ಕೈಯಲ್ಲೂ ಎತ್ತಿ ಹಿಡಿದ. ಅದು ಹಿಂದಿನ ದಿನದ ದೋಸೆಯಂತೆ ಮಡಚಿಕೊಂಡಿತು. ವಾಯುದೇವನು ಅದನ್ನು ಎಂದೋ ಬಿಟ್ಟು ಹೋಗಿದ್ದ.

ಐದು ಐವತ್ತೊಂದು.

ಸವಾದ್ ಒಂದು ಗುಟುಕು ಕುಡಿದು ಕಪ್ಪಿನ ಕಡೆ ನೋಡಿದ. ಇನ್ನೊಂದು ಗುಟುಕು ಕುಡಿದು ಭುಜಂಗನ ಮೊಣಕಾಲಿನ ಪಟ್ಟಿಗಳ ಕಡೆ ನೋಡಿದ. ಸುಮ್ಮನೆ ಇನ್ನೊಂಬತ್ತು ನಿಮಿಷ ಸೋಡಾ ಕುಡಿದರೆ ಸಾಕಿತ್ತು.

"ಸುಮ್ಮನೆ ಕೂತು ಗೆದ್ದದ್ದು ಅಂತ ಮನೆಯಲ್ಲಿ ಹೇಳ್ಲಿಕ್ಕಾಗ್ತದಾ?" ಎಂದು ಗೊಣಗಿ, ತನ್ನವರತ್ತ ತಿರುಗಿ ಕೂಗಿದ. "ಏ, ವ್ಯಾನಿನಿಂದ ಪಂಪು ತನ್ನಿ!"

"ಪಂಪು ತಂದಿದ್ದೀರಾ?" ಭುಜಂಗ ಬಾಯಿ ಬಿಟ್ಟ. "ಚೆಂಡು ತಾರದವರು ಪಂಪು ತಂದದ್ದಾ?"

"ಚೆಂಡು ಕರೆದವರದ್ದು, ಪಂಪು ಬಂದವರದ್ದು. ನಮ್ಮ ಲೀಗಿನಲ್ಲಿ ಹಾಗೆ. ಬಗ್ಗಿ ಹಿಡೀರಿ, ಮಾತಾಡ್ಬೇಡಿ."

ತೈಲಸಿಕ್ತಕೇಶಪಾಶನು ಒತ್ತಿದನು, ಉಭಯಜಾನುಪಟ್ಟಿಕಾಲಂಕೃತನು ಹಿಡಿದನು. ಎರಡು ರಾಜ್ಯಗಳ ವೀರರು ಸುತ್ತ ನಿಂತು ಎಣಿಸಿದರು. ಎಂಟು ವರ್ಷದ ಚೆಂಡು ಅರ್ಧ ಉಬ್ಬಿತು, ಉಸ್ಸೆಂದಿತು, ಮುಕ್ಕಾಲಿಗೆ ಬಂದು ನಿಂತಿತು. ಅದಕ್ಕಿಂತ ಮುಂದೆ ಬರಲಿಲ್ಲ.

ಐದು ಐವತ್ತೆಂಟಕ್ಕೆ ಭುಜಂಗ ಮೆಂಡನ್ ಅದನ್ನು ನಡುಚುಕ್ಕಿಯಲ್ಲಿ ಇಟ್ಟ. ರೆಫ್ರಿ ಸೀಟಿ ಊದಿದರು. ಭೂಮಂಡಲವು ಉಸಿರು ಬಿಗಿಹಿಡಿಯಿತು. ಭುಜಂಗ ಕಾಲೆತ್ತಿ, ಐಸ್ ಒಡೆಯುವ ಬಲವನ್ನೆಲ್ಲ ಹೆಬ್ಬೆರಳಿಗೆ ತಂದು ಒದ್ದ.

ಚೆಂಡು ಒಂದು ಮೊಳ ಉರುಳಿ ನಿಂತಿತು.

"ಶುರುವಾಯ್ತು," ಎಂದು ರೆಫ್ರಿ ಪುಸ್ತಕದಲ್ಲಿ ಬರೆದುಕೊಂಡರು.