ಚೊಗರು ಬಳಿದ ಮಹಡಿ

ಎಲ್ಲದಕ್ಕೂ ಕಾರಣ ಒಂದು ಸಿಬಿರು. ಮಹಡಿಯ ಹಲಗೆ ನೆಲದ ಮೇಲೆ ಅಂಬೆಗಾಲಿಡುತ್ತಿದ್ದ ಮಗುವಿನ ಮೊಣಕಾಲಿಗೆ ಅದು ಚುಚ್ಚಿತು. ಮಗು ಅತ್ತಿತು, ತಾಯಿ ರಂಜಿತಾ ಅದಕ್ಕಿಂತ ಹೆಚ್ಚು ಅತ್ತಳು, ಮರುದಿನ ಮಗುವನ್ನು ಎತ್ತಿಕೊಂಡು ಹೊಸದುರ್ಗದ ತವರಿಗೆ ಹೊರಟಳು. ಗಂಡ ಮಾರುತೇಶನಿಗೆ ಹೇಳಿದ್ದು ಇಷ್ಟೇ: "ನೆಲ ನುಣ್ಣಗಾದ್ರೆ ಫೋನ್ ಮಾಡ್ರಿ. ಇಲ್ಲಾಂದ್ರೆ ಇವ್ನು ನಡೆಯೋದು ಕಲ್ತ ಮೇಲೆ ಬರ್ತೀನಿ."

ಮಾರುತೇಶ ಹೊಳಲ್ಕೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವವನು. ಅವನ ಸಂಬಳಕ್ಕೆ ಸಿಕ್ಕಿದ್ದು ಗಂಗಾಧರಪ್ಪನವರ ಹಳೇ ಮನೆಯ ಮಹಡಿ. ಕೆಳಗೆ ಗಂಗಾಧರಪ್ಪ, ಮೇಲೆ ಇವನು, ನಡುವೆ ಬರೀ ಹಲಗೆ. ಹಲಗೆಗಳ ನಡುವೆ ಸಂದು ಬೇರೆ. ಕೆಳಗೆ ಒಗ್ಗರಣೆ ಹಾಕಿದರೆ ಮೇಲೆ ಸೀನು ಬರುತ್ತಿತ್ತು. ಮೇಲೆ ಕಸ ಗುಡಿಸಿದರೆ ಕೆಳಗೆ ಗಂಗಾಧರಪ್ಪ ಊಟದ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ಯಾರ ಕಾಲದ ಸಗಣಿಯೋ, ಯಾರ ಕಾಲದ ಕರಿಬಣ್ಣವೋ, ಪದರ ಪದರವಾಗಿ ಕೂತು ಆ ನೆಲಕ್ಕೆ ತನ್ನದೆಂಬ ಬಣ್ಣವೇ ಉಳಿದಿರಲಿಲ್ಲ.

ಒಂದು ದಿನ ವಿಡಿಯೋ ಕಾಲಿನಲ್ಲಿ ಅಪ್ಪನ ಮುಖ ಕಂಡದ್ದೇ ಮಗ ಹೆದರಿ ಅಜ್ಜಿಯ ಸೆರಗು ಹಿಡಿದುಕೊಂಡ. ಗುರುತು ಸಿಕ್ಕಿರಲಿಲ್ಲ. ಮಾರುತೇಶನಿಗೆ ಆ ದಿನ ಅನ್ನ ಸೇರಲಿಲ್ಲ. ಸಂಕಟದಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟ: "ನೆಲ ಎಲ್ಲಾ ಆಗೈತೆ. ಭಾನುವಾರ ಸಂಜೆ ಬಸ್ಸಿಗೆ ಬಂದ್ಬಿಡು."

ನೆಲ ಏನೂ ಆಗಿರಲಿಲ್ಲ. ಮೆಷಿನ್ನಿನಲ್ಲಿ ಉಜ್ಜಿ ವಾರ್ನಿಷ್ ಹೊಡೆಯುವವರನ್ನು ಕೇಳಿ, ಅವರು ಹೇಳಿದ ರೇಟು ಕೇಳಿಸಿಕೊಂಡು, ನೀರು ಕುಡಿದು ವಾಪಸು ಬಂದಿದ್ದನಷ್ಟೆ.

ಭಾನುವಾರ ಗಂಗಾಧರಪ್ಪ ಯಾರದೋ ಗೃಹಪ್ರವೇಶಕ್ಕೆ ಹೋದರು. ಅವರು ಬೀದಿ ತಿರುಗಿದ್ದೇ ತಡ, ಮಾರುತೇಶ ಪಂಚೆ ಎತ್ತಿ ಕಟ್ಟಿ, ಒಡೆದ ಗಾಜಿನ ಚೂರು ಹಿಡಿದು ಹಲಗೆ ಹೆರೆಯಲು ಕೂತ. ಪಕ್ಕದ ಮನೆಯ ಹುಚ್ಚಕ್ಕ ಮೆಟ್ಟಿಲ ತುದಿಯಲ್ಲಿ ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೂತಳು. ಇಂಥ ಕೆಲಸ ನಡೆಯುವಾಗ ಅವಳು ತನ್ನ ಮನೆಯಲ್ಲಿ ಇದ್ದದ್ದೇ ಇಲ್ಲ.

"ಏನಪ್ಪ, ನೀನು ನೆಲ ಹೆರೀತಿದೀಯೋ, ನೆಲನೇ ನಿನ್ನ ಹೆರೀತಾ ಐತೋ?"

"ಸುಮ್ನಿರಕ್ಕ. ಕೈ ಉರೀತಾ ಐತೆ."

"ಉರೀದೆ ಇನ್ನೇನು. ಬಿಸಿನೀರಿಗೆ ಸೋಡಾಪುಡಿ ಹಾಕಿ ಮೊದ್ಲು ನೆನೆಸ್ಬೇಕಿತ್ತು."

"ಮೊದ್ಲೇ ಹೇಳ್ಬಾರ್ದಾ?"

"ನೀನು ಕೇಳಿದ್ಯಾ?"

ಸೋಡಾಪುಡಿ ನೀರು ಬಂತು. ಕರಿಬಣ್ಣ ನೆನೆದು ಹಂಚಿನ ಮೇಲಿನ ದೋಸೆಯಂತೆ ಎದ್ದು ಬಂತು. ಹಲಗೆ ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜಿದ. ಊಟದ ಹೊತ್ತಿಗೆ ಮಾರುತೇಶನ ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು, ಸೊಂಟ ನೆಟ್ಟಗಾಗಲು ಒಪ್ಪುತ್ತಿರಲಿಲ್ಲ. ಆದರೆ ಅಂಗೈ ಆಡಿಸಿದರೆ ಎಲ್ಲೂ ಚುಚ್ಚಲಿಲ್ಲ. ನನ್ನ ಕೇಳಿದರೆ ಅವನು ಅಲ್ಲಿಗೇ ಕೈ ತೊಳೆದುಕೊಂಡು ಮಲಗಬೇಕಿತ್ತು. ಆದರೆ ನೆಲ ಅಲ್ಲಲ್ಲಿ ಬಿಳಿಚಿಕೊಂಡು ತೊನ್ನು ಹತ್ತಿದಂತೆ ಕಾಣುತ್ತಿತ್ತು. ಅದೇ ಹೊತ್ತಿಗೆ ಅಂಗಡಿಯ ಜೊತೆಗಾರ ಕನಕರಾಜ್ ಒಂದು ಕ್ಯಾನು ಹೊತ್ತುಕೊಂಡು ಬಂದ.

"ಭೀಮಸಮುದ್ರದಿಂದ ತಂದೀನಿ. ಚೊಗರು. ಪುಕ್ಕಟೆ."

ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಮಂದ ರಸ ಅದು. ಅಡಿಕೆಗೆ ಬಣ್ಣ ಬರುವುದು ಅದರಿಂದಲೇ. ಬಟ್ಟೆ ಅಂಗಡಿಯವರಿಗೆ ಅದರ ಮಹಿಮೆ ಚೆನ್ನಾಗಿ ಗೊತ್ತು. ಒಮ್ಮೆ ತಗುಲಿದರೆ ಬಟ್ಟೆ ಹರಿದು ಹೋಗಬಹುದು, ಕಲೆ ಹೋಗುವುದಿಲ್ಲ.

"ಬಟ್ಟೆಗೆ ಹಿಡಿಯೋದು ಮರಕ್ಕೆ ಹಿಡಿಯಲ್ವಾ?" ಎಂದ ಕನಕರಾಜ್.

ಇಬ್ಬರೂ ಸೇರಿ ಹಳೇ ಸೀರೆ ಅದ್ದಿ ಬಳಿದರು. ನೆಲ ಕೆಂಪಗೆ ಫಳಫಳ ಹೊಳೆಯಿತು. ಹೊಳೆಯಿತು, ಆದರೆ ಒಣಗಲಿಲ್ಲ. ಮಾರುತೇಶ ಹೆಜ್ಜೆ ಇಟ್ಟರೆ ಚಪ್ಪಲಿ ಅಲ್ಲೇ ಉಳಿದು ಬರಿಗಾಲು ಮುಂದೆ ಹೋಯಿತು. ಕನಕರಾಜ್ ಮನೆಯಲ್ಲಿ ಏನೋ ಕೆಲಸವಿದೆ ಎಂದು ಚಪ್ಪಲಿಯನ್ನೂ ಬಿಟ್ಟು ಇಳಿದು ಹೋದ. ಗೃಹಪ್ರವೇಶದ ಹೋಳಿಗೆ ಉಂಡು ಬಂದ ಗಂಗಾಧರಪ್ಪ ಕೆಳಗೆ ಬಾಗಿಲು ತೆಗೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಕೇಳಿತು.

"ಲೇ, ಸಂದಿನಾಗೆ ಸೋರ್ತಾ ಐತಲ್ಲೋ," ಎಂದಳು ಹುಚ್ಚಕ್ಕ. "ಕೆಳಗೆ ಅವರು ಮಕ್ಕಂಡವ್ರೆ."

ಮಾರುತೇಶ ನೀರು ಕಾಯಿಸಿ, ಬಟ್ಟೆ ಹಿಂಡಿ, ಮೊಣಕಾಲೂರಿ ಒರೆಸತೊಡಗಿದ. ಬೈದುಕೊಂಡು ಒರೆಸಿದ, ಅಳು ಬಂದರೂ ಒರೆಸಿದ. ಅಂಟೆಲ್ಲ ಹೋಯಿತು, ಬಣ್ಣ ಮಾತ್ರ ಹಲಗೆಯೊಳಗೆ ಇಳಿದು ಉಳಿಯಿತು. ಕೊನೆಗೆ ಹುಚ್ಚಕ್ಕ ಕೊಟ್ಟ ಕೊಬ್ಬರಿ ಎಣ್ಣೆ ಸವರಿ ಎದ್ದು ನೋಡಿದರೆ, ಅದು ತನ್ನ ಮನೆಯೇ ಎಂದು ಅವನಿಗೇ ನಂಬಿಕೆ ಬರಲಿಲ್ಲ. ಮರದ ಗೆರೆ ಗೆರೆಯೂ ಎದ್ದು ಕಾಣುತ್ತಿತ್ತು.

ಸಂಜೆ ರಂಜಿತಾ ಬಂದಳು. ಹೊಸ್ತಿಲಲ್ಲೇ ನಿಂತು ನೋಡಿದಳು, ಬಗ್ಗಿ ಕೈ ಆಡಿಸಿದಳು, ಮಗುವನ್ನು ಕೆಳಗೆ ಬಿಟ್ಟಳು. ಮಗು ಆ ಕಡೆ ಈ ಕಡೆ ನೋಡಿ ತಟಪಟ ಅಂಬೆಗಾಲಿಡುತ್ತ ಬಂದು ಮಾರುತೇಶನ ತೊಡೆ ಹತ್ತಿ ಕೂತು ಅವನ ಮೀಸೆ ಹಿಡಿದೆಳೆಯಿತು. ಮಾರುತೇಶ ತುಟಿ ಕಚ್ಚಿಕೊಂಡ. ಇಷ್ಟು ದಿನದಲ್ಲಿ ಅವನಿಗೆ ಸಿಕ್ಕಿದ ಸುಖ ಅದೊಂದೇ.

ಅಷ್ಟರಲ್ಲಿ ಗಂಗಾಧರಪ್ಪ ಮೆಟ್ಟಿಲು ಹತ್ತಿ ಬಂದರು. ಬಿಳಿ ಪಂಚೆಯ ತುಂಬ ಕೆಂಪು ಚುಕ್ಕೆ. ಹಣೆಯ ಮೇಲೆ ವಿಭೂತಿ, ಅದರ ಮೇಲೆ ಚೊಗರು.

"ಏನ್ರಿ ಇದು? ಮನೆ ಹಾಳು ಮಾಡಿಟ್ರಲ್ರಿ. ನೀವು ಖಾಲಿ ಮಾಡ್ರಿ."

ರಂಜಿತಾಳ ಮುಖ ಸಣ್ಣಗಾಯಿತು. ಮಾರುತೇಶ ಮನೆ ಓನರಿಗೆ ಎಂದೂ ಎದುರು ಮಾತಾಡಿದವನಲ್ಲ. ಆದರೆ ತೊಡೆಯ ಮೇಲೆ ಮಗ ಇದ್ದ. ಕೊಳ್ಳದೆ ಎದ್ದು ಹೊರಟ ಗಿರಾಕಿಗೆ ಅಂಗಡಿಯಲ್ಲಿ ಏನು ಮಾಡುತ್ತಿದ್ದನೋ ಅದನ್ನೇ ಮಾಡಿದ. ಅವರ ಕೈ ಹಿಡಿದು ಮಾಲಿನ ಮೇಲೆ, ಅಂದರೆ ನೆಲದ ಮೇಲೆ, ಇಡಿಸಿದ.

"ಒಂದ್ಸಲ ಮುಟ್ಟಿ ನೋಡ್ರಿ ಸಾರ್. ತಗಳ್ಳೇಬೇಕು ಅಂತೇನಿಲ್ಲ, ಸುಮ್ನೆ ಮುಟ್ಟಿ ನೋಡ್ರಿ."

ಗಂಗಾಧರಪ್ಪ ಮುಟ್ಟಿದರು. ಕನ್ನಡಕ ಹಾಕಿಕೊಂಡರು. ಉಗುರಿನಿಂದ ಗೀರಿ ಮೂಸಿದರು.

"ಇದು ಯಾವ ಮರ?"

ಮಾರುತೇಶನಿಗೆ ಹತ್ತಿ, ರೇಷ್ಮೆ ಬಿಟ್ಟರೆ ಇನ್ನೊಂದು ಗೊತ್ತಿಲ್ಲ. ಆದರೂ ಬಾಯಿ ಅಭ್ಯಾಸದಂತೆ ಓಡಿತು. "ತೇಗ ಸಾರ್. ಅಸಲಿ ಹಳೇ ತೇಗ. ಇಂಥ ಮಾಲು ಈಗ ಎಲ್ಲಿ ಬರ್ತೈತೆ? ಗೆರೆ ನೋಡ್ರಿ, ಅಗಲ ನೋಡ್ರಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಹಿಂಗೇ ಇರ್ತೈತೆ."

"ನಮ್ಮಪ್ಪ ಜಾಲಿ ಹಲಗೆ ಅಂತಿದ್ರಲ್ರಿ," ಎಂದರು ಗಂಗಾಧರಪ್ಪ. ದನಿ ಮೆತ್ತಗಾಗಿತ್ತು. ಪಂಚೆಯ ಕಲೆ ಮರೆತೇಹೋಯಿತು. ಮಗುವಿನ ಕೆನ್ನೆ ಹಿಂಡಿ, "ಚುರುಕಾಗೈತೆ ಮಗ," ಎಂದು ಹೇಳಿ, ಪ್ರತಿ ಹಲಗೆಯನ್ನೂ ಕಾಲಿನಿಂದ ತಟ್ಟುತ್ತ ಇಳಿದು ಹೋದರು.

"ಅಂತೂ ಒಪ್ಪಿಸಿದ್ರಿ," ಎಂದು ರಂಜಿತಾ ಬ್ಯಾಗು ಬಿಚ್ಚಿ ಮಗುವಿನ ಅಂಗಿ ಗೂಟಕ್ಕೆ ಹಾಕತೊಡಗಿದಳು. ಮಾರುತೇಶ ಗೋಡೆಗೊರಗಿ ಕಾಲು ಚಾಚಿದ.

ಕೆಳಗೆ ಗಂಗಾಧರಪ್ಪ ಫೋನು ಮಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿತು.

"ಸಣ್ಣತಿಮ್ಮಪ್ಪ, ಹಳೇ ಮನೆ ಕಿತ್ತ ಮರ ತಗಳ್ತೀಯಲ್ಲ, ನಾಳೆ ಬೆಳಿಗ್ಗೆನೇ ಬಾ. ಮಹಡಿ ಹಲಗೆ ಪೂರ್ತಿ ತೇಗ ಐತೆ, ಕಿತ್ಕಂಡು ಹೋಗು. ಇಲ್ಲ ಇಲ್ಲ, ಹೆರೆಯೋದು ಉಜ್ಜೋದು ಏನೂ ಇಲ್ಲ. ಪಾಪ, ಬಾಡಿಗೆಯವ್ರೇ ಎಲ್ಲಾ ಮಾಡಿ ಕೊಟ್ಟವ್ರೆ."

ರಂಜಿತಾ ಗೂಟದಿಂದ ಅಂಗಿ ತೆಗೆದು ಮಡಿಸತೊಡಗಿದಳು. ಮಗು ನೆಲದ ಮೇಲೆ ಆಡುತ್ತಲೇ ಇತ್ತು.