ಒಂದು ಬಕೆಟ್ಟಿನ ಸ್ವಾತಂತ್ರ್ಯ

ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಪ್ರಜಾಪ್ರಭುತ್ವವಿದೆ. ನನ್ನ ಕಷ್ಟವೇ ಅದು. ಏನೇ ವಿಷಯವಿರಲಿ, ಸಭೆ ಸೇರಿ ಕೈ ಎತ್ತಬೇಕು. ಹೆಂಡತಿ ಸರಸ, ಮಗಳು ಅಶ್ವಿತಾ, ಸರಸನ ಚಿಕ್ಕಮ್ಮ ಒಂದು ಕಡೆ. ನಾನೊಬ್ಬ ಇನ್ನೊಂದು ಕಡೆ. ಈ ಬೇಸಿಗೆಯ ಶುರುವಿನಲ್ಲಿ ನನ್ನ ಎರಡನೇ ಕಾಫಿ ಹೀಗೇ ಬಹುಮತದಿಂದ ರದ್ದಾಯಿತು. (ಕುಡಿಯುವ ಬಾಯಿ ನನ್ನದು, ಮತ ಅವರದು!)

ನಾನು ಸಿಡಿದೆದ್ದೆ. "ಮೂರು ಜನ ಸೇರಿದ ಮಾತ್ರಕ್ಕೆ ಒಬ್ಬನ ಮೇಲೆ ಸವಾರಿ ಮಾಡೋ ಹಕ್ಕು ಬರಲ್ಲ! ಇವತ್ತಿಂದ ನಾನು ವ್ಯಕ್ತಿಸ್ವಾತಂತ್ರ್ಯವಾದಿ. ನಿಮ್ಮ ಸಭೆಗೆ ರಾಜೀನಾಮೆ."

"ಹಾಗಾದ್ರೆ ನೀರು?" ಎಂದಳು ಸರಸ.

ಬೇಸಿಗೆಗೆ ನಲ್ಲಿ ಒಣಗಿತ್ತು. ಬೀದಿಗೆ ಬರುವ ನೀರಿನ ಲಾರಿಯಿಂದ ಹಿಡಿದು, ಮೂರು ಮಹಡಿ ಹೊತ್ತು ಮನೆಯ ಡ್ರಮ್ಮು ತುಂಬಬೇಕು. ಅದಕ್ಕೂ ಸಭೆ ಸರದಿ ಹಾಕಿತ್ತು.

"ನನ್ನ ಬಕೆಟ್ ನಾನೇ ತುಂಬ್ಕೋತೀನಿ. ನಿಮ್ಮ ಡ್ರಮ್ಮು ಮುಟ್ಟಲ್ಲ."

ಮರುದಿನವೇ ಅಣ್ಣಾ ನಗರದಲ್ಲಿ ಬ್ಯಾಂಕಿನ ಬಡ್ತಿಗೆ ಸಂದರ್ಶನ. ಈ ಸಲ ತಪ್ಪಿದರೆ ಗುಮಾಸ್ತನಾಗಿಯೇ ನಿವೃತ್ತಿ. ಬೆಳಿಗ್ಗೆ ಬಚ್ಚಲಲ್ಲಿ ಅಡಿಯಿಂದ ಮುಡಿಯವರೆಗೆ ಸೋಪು ಹಚ್ಚಿ, ಕಣ್ಣು ಮುಚ್ಚಿ ತಂಬಿಗೆ ಅದ್ದಿದರೆ ಠಣ್ ಎಂದಿತು. ನನ್ನ ಸ್ವತಂತ್ರ ನೀರಿನ ಅರ್ಧ ಭಾಗ ಆಗಲೇ ಮೆಟ್ಟಿಲುಗಳಿಗೆ ಅಭಿಷೇಕವಾಗಿತ್ತು.

"ಸರಸಾ! ನೀರು!"

"ಡ್ರಮ್ಮು ಎಲ್ಲರದ್ದು ಕಣ್ರೀ. ನಾನೊಬ್ಳೇ ಹೇಗೆ ಕೊಡ್ಲಿ? ಸಭೆ ಸೇರ್ಬೇಕು."

"ಕಣ್ಣು ಉರೀತಿದೆ ಕಣೇ! ಬೇಗ ಸೇರಿ!"

"ಕೊಂಜಂ ಇರುಪ್ಪಾ, ಪಾಟ್ಟಿ ಪೂಜೈಲ ಇರುಕ್ಕಾಂಗ," ಎಂದಳು ಅಶ್ವಿತಾ, ಶಾಲೆಯ ತಮಿಳಿನಲ್ಲಿ. ಅಜ್ಜಿ ಪೂಜೆಯಲ್ಲಿದ್ದಾರೆ, ಅಪ್ಪ ಸ್ವಲ್ಪ ತಾಳಬೇಕಂತೆ.

ಚಿಕ್ಕಮ್ಮನ ಪೂಜೆಯ ಗಂಟೆ ನಿಲ್ಲಲೇ ಇಲ್ಲ. ಸೋಪು ಒಣಗಿ ಚರ್ಮ ಬಿಗಿದುಕೊಂಡಿತು. ಬಡ್ತಿ ಬೇರೆಯವರ ಪಾಲಾಗುವುದು ಮುಚ್ಚಿದ ಕಣ್ಣಿಗೂ ಕಾಣಿಸಿತು. ನಿಜವಾಗಿ ಹೆದರಿದೆ. ಬಹುಮತದ ದಬ್ಬಾಳಿಕೆಯೇ ವಾಸಿ, ಅದರ ಬಳಿ ನೀರಾದರೂ ಇದೆ.

"ರಾಜೀನಾಮೆ ವಾಪಸ್! ನಾನೂ ಸಭೆಯವನೇ!" ಎಂದು ಕೂಗಿಕೊಂಡೆ.

ಗಂಟೆ ನಿಂತಿತು. ಬಾಗಿಲಾಚೆ ಗುಸುಗುಸು. ಆಮೇಲೆ ಬಕೆಟ್ಟು ಇಟ್ಟ ಸದ್ದು. ಬಾಗಿಲನ್ನು ಇಷ್ಟೇ ಇಷ್ಟು ತೆರೆದು ಕೈ ಹೊರಗೆ ಚಾಚಿದೆ.

"ನೋಡೇ, ಅಳಿಯಂದ್ರೂ ಕೈ ಎತ್ತಿದ್ರು," ಎಂದರು ಚಿಕ್ಕಮ್ಮ. "ಅವಿರೋಧವಾಗಿ ಪಾಸಾಯ್ತು."

"ಏನು ಪಾಸಾಯ್ತು?"

"ಬೇಸಿಗೆ ಮುಗಿಯೋವರೆಗೂ ಲಾರಿ ನೀರು ಪೂರ್ತಿ ನೀವೇ ಹೊರೋದು ಅಂತ," ಎಂದು ಸರಸ ಬಕೆಟ್ಟನ್ನು ಒಳಗೆ ತಳ್ಳಿದಳು.

ಬಡ್ತಿ ಸಿಕ್ಕಿತು. ಈಗ ಬೆಳಿಗ್ಗೆ ಲಾರಿಯ ಸಾಲಿನಲ್ಲಿ ಇಸ್ತ್ರಿ ಶರ್ಟು ತೊಟ್ಟು, ಕೊಡ ಹಿಡಿದು ನಿಲ್ಲುವ ಮ್ಯಾನೇಜರು ನಾನೊಬ್ಬನೇ. ಇಷ್ಟೆಲ್ಲ ಹೊರುತ್ತೇನಲ್ಲ ಎಂದು ಎರಡನೇ ಕಾಫಿಯ ವಿಷಯವನ್ನು ಮತ್ತೆ ಸಭೆಯ ಮುಂದಿಟ್ಟೆ. ಕೈ ಎತ್ತಿದವನು ನಾನೊಬ್ಬನೇ.